ಗಾಡಿ ಕೆಲಸಕ್ಕೆ ಯಾವ ಓದು? ಐಟಿಐ, ಡಿಪ್ಲೊಮಾ, ಕಂಪನಿ ಶಾಲೆ, ಬಿ.ಇ. ತೂಗಿ ನೋಡುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನ್ನ ಮೊಬೈಲ್‌ಗೆ ಬಿಡುವಿರುವುದಿಲ್ಲ. ಕರೆ ಮಾಡುವವರು ಬೇರೆ ಬೇರೆ, ಮಾತು ಮಾತ್ರ ಒಂದೇ. "ಹುಡುಗನಿಗೆ ಗಾಡಿ ಎಂದರೆ ಪ್ರಾಣ ಸಾರ್. ಪಕ್ಕದ ಮನೆಯವರ ಬೈಕನ್ನೂ ಬಿಚ್ಚಿ ಜೋಡಿಸುತ್ತಾನೆ. ಏನು ಓದಿಸೋಣ?" ನಾನು ಬಾಯಿ ತೆರೆಯುವ ಮೊದಲೇ ಎರಡನೆಯ ಮಾತು ಬಂದುಬಿಡುತ್ತದೆ: "ಐಟಿಐ ಎಂದರೆ ನೆಂಟರು ಮೂಗು ಮುರಿಯುತ್ತಾರೆ, ಎಂಜಿನಿಯರಿಂಗ್ ಎಂದರೆ ಕೈಯಲ್ಲಿ ದುಡ್ಡಿಲ್ಲ."

ಇಪ್ಪತ್ತೆರಡು ವರ್ಷ ಸರ್ವಿಸ್ ಸೆಂಟರ್‌ಗಳಲ್ಲಿ ಕೈಗೆ ಗ್ರೀಸ್ ಹಚ್ಚಿಕೊಂಡು, ಈಗ ಕೆಲಸ ಕೇಳಿ ಬರುವ ಹುಡುಗ ಹುಡುಗಿಯರನ್ನು ಸಂದರ್ಶಿಸುವ ಕುರ್ಚಿಯಲ್ಲಿ ಕೂತಿದ್ದೇನೆ. ಅತ್ತ ಕಂಪನಿಯವರು, ಗ್ಯಾರೇಜ್ ಮಾಲೀಕರು "ಹುಡುಗರೇ ಸಿಗುವುದಿಲ್ಲ, ಎಲ್ಲರೂ ಕಂಪ್ಯೂಟರ್ ಸೈನ್ಸ್ ಹಿಂದೆ ಓಡುತ್ತಾರೆ" ಎಂದು ಗೊಣಗುತ್ತಾರೆ. ಇತ್ತ ಮನೆಯವರಿಗೆ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದೇ ತಿಳಿದಿಲ್ಲ. ಗೊಣಗುವವರಿಗೂ ನನ್ನದೊಂದು ಮಾತಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ತಕ್ಕಡಿ

ಕೋರ್ಸಿನ ಹೆಸರು ಕೇಳುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಸಿಗಬೇಕು.

ಮನೆಗೆ ಸಂಬಳ ಯಾವಾಗ ಬೇಕು? ಎರಡು ವರ್ಷದಲ್ಲೋ, ನಾಲ್ಕು ವರ್ಷದಲ್ಲೋ, ಆರು ವರ್ಷ ಕಾಯಲು ಆಗುತ್ತದೋ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅರ್ಧಕ್ಕರ್ಧ ಕೋರ್ಸುಗಳನ್ನು ತೀರ್ಮಾನಿಸುವುದು ಇದೇ. ಎರಡನೆಯದು, ಕಲಿಯುವಾಗ ಕೈಗೆ ಎಷ್ಟು ಕೆಲಸ ಸಿಗುತ್ತದೆ? ಮೂರನೆಯದು, ಇವತ್ತು ಕೆಳಗಿನ ಮೆಟ್ಟಿಲಲ್ಲಿ ನಿಂತರೆ ನಾಳೆ ಮೇಲೆ ಹತ್ತಲು ಏಣಿ ಇದೆಯೇ? ನಾಲ್ಕನೆಯದು, ಕಲಿತದ್ದು ಎಷ್ಟು ವರ್ಷ ಬಾಳುತ್ತದೆ? 2020ರ ಏಪ್ರಿಲ್ 1ರಂದು ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಸಣ್ಣ ಬೈಕುಗಳಿಂದಲೂ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹೊರಟುಹೋಯಿತು. ಕಾರ್ಬುರೇಟರ್ ಬಿಚ್ಚಿ ತೊಳೆಯುವುದರಲ್ಲೇ ಹೆಸರು ಮಾಡಿದ್ದ ಮೇಸ್ತ್ರಿಗಳು ಈಗ ಗಾಡಿಯ ದೋಷ ಓದುವ ಸ್ಕ್ಯಾನರ್ ಹಿಡಿದ ಹುಡುಗನನ್ನು ಕಾಯುತ್ತಾ ಕೂರುತ್ತಾರೆ. ಮುಂದೆ ಎಲೆಕ್ಟ್ರಿಕ್ ಗಾಡಿಗಳ ಸರದಿ.

ಇನ್ನೊಂದು ಉಪಪ್ರಶ್ನೆಯೂ ಇದೆ. ಹುಡುಗನಿಗೆ ಗಾಡಿ ರಿಪೇರಿ ಇಷ್ಟವೋ, ಗಾಡಿ ತಯಾರಿಸುವುದು ಇಷ್ಟವೋ, ಅದರ ವಿನ್ಯಾಸ ಮಾಡುವುದು ಇಷ್ಟವೋ? ಮೂರೂ ಬೇರೆ ಬೇರೆ ಬದುಕು. ಮೊದಲನೆಯದಕ್ಕೆ ತಾಲ್ಲೂಕು ಕೇಂದ್ರದಲ್ಲೂ ಅನ್ನವಿದೆ. ಎರಡನೆಯದಕ್ಕೆ ಬಿಡದಿ, ನರಸಾಪುರ, ಹೊಸಕೋಟೆ, ಮೈಸೂರು, ಧಾರವಾಡದಂಥ ಕಡೆಗೆ ಹೋಗಬೇಕು. ಮೂರನೆಯದು ಬಹುಪಾಲು ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯ ಕೆಲಸ.

ಐಟಿಐ

ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷ, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಎರಡೆರಡು ವರ್ಷ. ಹತ್ತನೇ ತರಗತಿ ಪಾಸಾದರೆ ಸಾಕು. ಸರ್ಕಾರಿ ಐಟಿಐಯಲ್ಲಿ ಸೀಟು ಸಿಕ್ಕರೆ ಖರ್ಚು ಈ ಎಲ್ಲ ದಾರಿಗಳಲ್ಲೇ ಕಡಿಮೆ ಎನ್ನಬಹುದು.

ಅವಸರ ಇರುವವರು ಒಂದು ವರ್ಷದ ಡೀಸೆಲ್ ಟ್ರೇಡಿಗೆ ಕೈ ಹಾಕುತ್ತಾರೆ. ಟ್ರ್ಯಾಕ್ಟರ್, ಜನರೇಟರ್, ಜೆಸಿಬಿ ನಂಬಿ ಬದುಕುವ ಊರಾದರೆ ಸರಿ. ಇಲ್ಲದಿದ್ದರೆ ನಾನು ಎರಡು ವರ್ಷದ ಟ್ರೇಡನ್ನೇ ಹೇಳುತ್ತೇನೆ. ಗಾಡಿಯ ಕನಸಿರುವ ಹುಡುಗನಿಗೆ ಎಲೆಕ್ಟ್ರಿಷಿಯನ್ ಟ್ರೇಡ್ ತೆಗೆದುಕೋ ಎಂದು ಹೇಳಿ ಬೈಸಿಕೊಂಡದ್ದೂ ಇದೆ. ಯಾಕೆ ಹಾಗೆ ಹೇಳುತ್ತೇನೆ ಎಂಬುದಕ್ಕೆ ಒಂದು ಬೆಳಗ್ಗೆಯ ಕತೆ ಕೇಳಿ.

ಕೋಳಿ ಸಾಗಿಸುವ ಪಿಕಪ್ ಒಂದು ನಮ್ಮಲ್ಲಿಗೆ ಬಂದಿತ್ತು. ಕೀ ತಿರುಗಿಸಿದರೆ ಎಂಜಿನ್ ಒಮ್ಮೆ ಮುಲುಗಿ ಸುಮ್ಮನಾಗುತ್ತಿತ್ತು. ಹೊರಗಿನ ಗ್ಯಾರೇಜಿನಲ್ಲಿ ಆಗಲೇ ಹೊಸ ಬ್ಯಾಟರಿ ಹಾಕಿಸಿದ್ದರು, ಸೆಲ್ಫ್ ಮೋಟರನ್ನೂ ಬದಲಿಸಿದ್ದರು. ನಮ್ಮ ಹಿರಿಯ ಮೇಸ್ತ್ರಿ ಎಂಜಿನ್‌ಗೆ ಕಿವಿ ಕೊಟ್ಟು "ಒಳಗೇ ಹಿಡಿದಿದೆ, ಬಿಚ್ಚಬೇಕು" ಎಂದರು. ಆರು ತಿಂಗಳ ಹಿಂದಷ್ಟೇ ಸೇರಿದ್ದ, ಎಲೆಕ್ಟ್ರಿಷಿಯನ್ ಟ್ರೇಡ್ ಓದಿದ ಹುಡುಗ ಮಲ್ಟಿಮೀಟರ್ ತಂದ. ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಎಂಜಿನ್‌ನ ಮೈಗೆ ಇಟ್ಟು "ಈಗ ಕೀ ತಿರುಗಿಸಿ" ಎಂದ. ಅರ್ಧ ವೋಲ್ಟ್ ಕೂಡ ತೋರಿಸಬಾರದ ಮೀಟರ್ ಎರಡು ವೋಲ್ಟ್ ದಾಟಿತು. ಅರ್ತ್ ಕೇಬಲ್ಲಿನ ಬೋಲ್ಟ್ ಬಿಚ್ಚಿ ನೋಡಿದರೆ ಅಡಿಯಲ್ಲಿ ಹಸಿರು ತುಕ್ಕು. ಉಪ್ಪುಕಾಗದದಿಂದ ಉಜ್ಜಿ ಬಿಗಿದದ್ದೇ ತಡ, ಗಾಡಿ ಗುಡುಗಿತು. ಎಂಜಿನ್ ಬಿಚ್ಚಿದ್ದರೆ ಮಾಲೀಕರಿಗೆ ಎಷ್ಟು ಸಾವಿರ ಬೀಳುತ್ತಿತ್ತೋ, ನಾನು ಲೆಕ್ಕ ಹಾಕಲಿಲ್ಲ. ಮೇಸ್ತ್ರಿ ಅಂದು ಮಧ್ಯಾಹ್ನ ಆ ಹುಡುಗನ ಪಕ್ಕದಲ್ಲೇ ಕೂತು ಊಟ ಮಾಡಿದರು.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್, ಅಂದರೆ ಕಂಪನಿಯಲ್ಲೇ ಕೆಲಸ ಕಲಿಯುವ ಅವಧಿ, ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಕಂಪನಿಗಳು ಶಿಷ್ಯವೇತನ ಕೊಡಲೇಬೇಕು. 2019ರಲ್ಲಿ ತಿದ್ದಿದ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು. ಮೊತ್ತ ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ರೂಮಿನ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೂ ಆ ಒಂದು ವರ್ಷದ ಪ್ರಮಾಣಪತ್ರ ಮುಂದಿನ ಸಂದರ್ಶನದಲ್ಲಿ ಮಾತಾಡುತ್ತದೆ. ಸಾರಿಗೆ ನಿಗಮಗಳ ಡಿಪೊಗಳಲ್ಲಿ ಅಪ್ರೆಂಟಿಸ್ ಆದವರು ನಮ್ಮಲ್ಲಿಗೆ ಬಂದಾಗ ಬ್ರೇಕ್ ಕೆಲಸವನ್ನು ಕಣ್ಣುಮುಚ್ಚಿ ಒಪ್ಪಿಸುತ್ತೇನೆ.

ಏಣಿಯೂ ಇದೆ. ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿ ಮೂಲಕ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ನೆಂಟರ ಬಾಯಿ ಮುಚ್ಚಿಸಲು ಇಷ್ಟು ಸಾಕಾಗಬೇಕು.

ಕೊರತೆ ಇರುವುದು ಸಂಸ್ಥೆಗಳಲ್ಲಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಲಾಗಿದೆ. ನಿಮ್ಮ ಜಿಲ್ಲೆಯಲ್ಲಿ ಆ ಪಟ್ಟಿಯಲ್ಲಿರುವುದು ಯಾವುದು ಎಂದು ವಿಚಾರಿಸಿ, ಅದಕ್ಕೇ ಮೊದಲ ಆದ್ಯತೆ ಕೊಡಿ. ಉಳಿದ ಕಡೆ, ಅದರಲ್ಲೂ ಒಂದೇ ಕೊಠಡಿಯಲ್ಲಿ ನಡೆಯುವ ಕೆಲವು ಖಾಸಗಿ ಐಟಿಐಗಳಲ್ಲಿ, ಸರ್ಟಿಫಿಕೇಟು ಸಿಗುತ್ತದೆ, ಪಾನಾ ಹಿಡಿಯುವ ಬಗೆ ಸಿಗುವುದಿಲ್ಲ.

ಪಾಲಿಟೆಕ್ನಿಕ್ ಡಿಪ್ಲೊಮಾ

ಮೂರು ವರ್ಷ. ಇದು ನಡುವಿನ ದಾರಿ. ಅದೇ ಅದರ ಬಲ, ಅದೇ ಅದರ ತೊಡಕು. ಸರ್ವಿಸ್ ಅಡ್ವೈಸರ್, ವಾರಂಟಿ ವಿಭಾಗ, ಕಾರ್ಖಾನೆಯ ಲೈನ್ ಸೂಪರ್‌ವೈಸರ್, ಗುಣಮಟ್ಟ ಪರೀಕ್ಷೆ, ಬಿಡಿಭಾಗಗಳ ಖರೀದಿ, ಇಂಥ ಕಡೆಯಲ್ಲೆಲ್ಲ ಡಿಪ್ಲೊಮಾದವರನ್ನೇ ಹುಡುಕುತ್ತಾರೆ. ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರ ಹುದ್ದೆಗೂ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಮೂಲ ಅರ್ಹತೆ, ಜೊತೆಗೆ ಚಾಲನಾ ಪರವಾನಗಿ ಬೇಕು. ನೇಮಕಾತಿ ಯಾವಾಗಲೋ ಒಮ್ಮೆ, ಸ್ಪರ್ಧೆ ವಿಪರೀತ. ಅದೊಂದನ್ನೇ ನಂಬಿ ಕೂರುವಂತಿಲ್ಲ.

ಮುಂದೆ ಓದುವ ಆಸೆ ಉಳಿದಿದ್ದರೆ ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿ ನೋಡಿ: ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿ.ಇ. ಮೂರು, ಇದೂ ಆರೇ. ವ್ಯತ್ಯಾಸ ಏನೆಂದರೆ, ಎರಡನೆಯ ದಾರಿಯಲ್ಲಿ ಮೂರು ವರ್ಷಕ್ಕೆ ಇಳಿದುಕೊಳ್ಳುವ ಒಂದು ನಿಲ್ದಾಣವಿದೆ. ಮನೆಯ ಪರಿಸ್ಥಿತಿ ಕೆಟ್ಟರೆ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಪಿಯುಸಿ ದಾರಿಯಲ್ಲಿ ಸಿಇಟಿ ಕೈಕೊಟ್ಟರೆ ಕೈಯಲ್ಲಿ ಉಳಿಯುವುದು ಪಿಯುಸಿ ಮಾತ್ರ. ಮಧ್ಯಮವರ್ಗಕ್ಕಿಂತ ಒಂದು ಮೆಟ್ಟಿಲು ಕೆಳಗಿರುವ ಮನೆಗಳಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಎಡವುವುದು ಮೊದಲ ವರ್ಷದ ಗಣಿತದಲ್ಲಿ. ತಲೆ ಇಲ್ಲವೆಂದಲ್ಲ, ಪುಸ್ತಕ ಬಹುಪಾಲು ಇಂಗ್ಲಿಷಿನಲ್ಲಿ. ಸೇರುವ ಮೊದಲಿನ ಬೇಸಿಗೆ ರಜೆಯಲ್ಲಿ ತ್ರಿಕೋನಮಿತಿ ಮತ್ತು ಬೀಜಗಣಿತವನ್ನು ಇಂಗ್ಲಿಷ್ ಪದಗಳೊಂದಿಗೆ ಒಮ್ಮೆ ತಿರುವಿಹಾಕಿದರೆ ಅರ್ಧ ಭಯ ಇಳಿಯುತ್ತದೆ.

ಆಟೊಮೊಬೈಲ್ ಶಾಖೆಯೋ ಮೆಕ್ಯಾನಿಕಲ್ಲೋ? ಸರ್ವಿಸ್ ಕ್ಷೇತ್ರದಲ್ಲೇ ಇರುತ್ತೇನೆ ಎಂಬ ಖಾತ್ರಿ ಇದ್ದರೆ ಆಟೊಮೊಬೈಲ್. ಚೂರು ಅನುಮಾನವಿದ್ದರೂ ಮೆಕ್ಯಾನಿಕಲ್ ಅಥವಾ ಯಂತ್ರ, ಎಲೆಕ್ಟ್ರಾನಿಕ್ಸ್ ಎರಡನ್ನೂ ಸೇರಿಸಿ ಕಲಿಸುವ ಮೆಕಟ್ರಾನಿಕ್ಸ್. ಮೆಕ್ಯಾನಿಕಲ್‌ನವನನ್ನು ಗಾಡಿ ಕಂಪನಿ ತೆಗೆದುಕೊಳ್ಳುತ್ತದೆ. ಆಟೊಮೊಬೈಲ್‌ನವನನ್ನು ಸಕ್ಕರೆ ಕಾರ್ಖಾನೆ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ.

ಕಂಪನಿಯವರೇ ನಡೆಸುವ ಶಾಲೆ

ಬಿಡದಿಯಲ್ಲಿ ಟೊಯೊಟಾ ತನ್ನ ತಾಂತ್ರಿಕ ತರಬೇತಿ ಸಂಸ್ಥೆಯನ್ನು 2007ರಲ್ಲಿ ಆರಂಭಿಸಿತು. ಗ್ರಾಮೀಣ ಭಾಗದ ಬಡ ಮನೆಯ ಮಕ್ಕಳಿಗೆ ಹತ್ತನೇ ತರಗತಿಯ ನಂತರ ಮೂರು ವರ್ಷ ಊಟ, ವಸತಿ, ಪಾಠ ಎಲ್ಲ ಉಚಿತ. ಜೋಡಣೆ, ಬಣ್ಣ, ವೆಲ್ಡಿಂಗ್, ಮೆಕಟ್ರಾನಿಕ್ಸ್ ವಿಭಾಗಗಳಿವೆ. ಮೊದಲು ಹುಡುಗರಿಗೆ ಮಾತ್ರ ಇತ್ತು, ಈಗ ಹುಡುಗಿಯರೂ ಓದುತ್ತಿದ್ದಾರೆ. ಹಳಬರು ಈಗಲೂ ಮೈಕೋ ಎಂದೇ ಕರೆಯುವ ಬಾಷ್ ಕೂಡ ದಶಕಗಳಿಂದ ಅಪ್ರೆಂಟಿಸ್‌ಗಳಿಗೆಂದೇ ತನ್ನ ತರಬೇತಿ ಕೇಂದ್ರವನ್ನು ನಡೆಸಿಕೊಂಡು ಬಂದಿದೆ.

ಇಲ್ಲಿಂದ ಬಂದವರನ್ನು ನಡಿಗೆಯಲ್ಲೇ ಗುರುತಿಸಬಹುದು. ಉಪಕರಣವನ್ನು ತೆಗೆದ ಜಾಗದಲ್ಲೇ ಇಡುತ್ತಾರೆ, ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯದೆ ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆದು ಬಿಗಿಯುತ್ತಾರೆ. ಖರ್ಚಿಲ್ಲದೆ ಇಂಥ ಶಿಸ್ತು ಬೇರೆಲ್ಲೂ ಸಿಗದು. ಆದರೆ ಒಂದು ಎಚ್ಚರಿಕೆ ಇದೆ. ಇದು ಗಾಡಿ ತಯಾರಿಸುವ ಶಾಲೆ, ರಿಪೇರಿಯ ಶಾಲೆಯಲ್ಲ. ಬಣ್ಣದ ವಿಭಾಗದಲ್ಲಿ ಮೂರು ವರ್ಷ ಓದಿದವನಿಗೆ ಊರಿಗೆ ಮರಳಿ ಗ್ಯಾರೇಜ್ ಹಾಕಲು ಅದೊಂದೇ ಸಾಲದು. ಮಗನಿಗೆ ಹಾಸನದಲ್ಲೋ ಹಾವೇರಿಯಲ್ಲೋ ಸ್ವಂತ ಗ್ಯಾರೇಜ್ ಹಾಕಿಸಬೇಕೆಂದಿರುವವರು ಐಟಿಐಯೇ ನೋಡಲಿ. ಸೀಟುಗಳಿಗೆ ಪೈಪೋಟಿ ಇರುವುದರಿಂದ ಇದೊಂದನ್ನೇ ನಂಬದೆ ಬೇರೆ ಅರ್ಜಿಯನ್ನೂ ಹಾಕಿಡಿ. ಹದಿನಾರರ ಮಗು ಮನೆ ಬಿಟ್ಟು ಮೂರು ವರ್ಷ ಹಾಸ್ಟೆಲಿನಲ್ಲಿ ಇರಬಲ್ಲದೇ ಎಂಬುದನ್ನು ತಾಯಿಯನ್ನು ಕೇಳಿ, ತಂದೆಯನ್ನಲ್ಲ.

ಜಿಟಿಟಿಸಿ, ಎನ್‌ಟಿಟಿಎಫ್: ಯಾರೂ ಕೇಳದ ಬಾಗಿಲು

ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಅತಿ ಕಡಿಮೆ ಮಾತಿಗೆ ಬರುವ, ಅತಿ ಹೆಚ್ಚು ಬೆಲೆಯಿರುವ ಆಯ್ಕೆ ಇದು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ (ಜಿಟಿಟಿಸಿ) ಈಗ ಹಲವು ಜಿಲ್ಲೆಗಳಲ್ಲಿ ಶಾಖೆಗಳಿವೆ. ಉಪಕರಣ ಮತ್ತು ಡೈ (ಲೋಹವನ್ನು ಒತ್ತಿ ಆಕಾರ ಕೊಡುವ ಅಚ್ಚು) ಮಾಡುವುದನ್ನು ಕಲಿಸುವ ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಮೂರು ವರ್ಷದ ಓದು, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಎನ್‌ಟಿಟಿಎಫ್ ಅಂದರೆ ನೆಟ್ಟೂರು ಟೆಕ್ನಿಕಲ್ ಟ್ರೈನಿಂಗ್ ಫೌಂಡೇಶನ್, 1959ರಲ್ಲಿ ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೇರುಬಿಟ್ಟ ಸಂಸ್ಥೆ.

"ನಾವು ಗಾಡಿ ಕೇಳಿದರೆ ನೀವು ಡೈ ಹೇಳುತ್ತೀರಲ್ಲ" ಎನ್ನುತ್ತಾರೆ. ಕಾರಿನ ಬಾಗಿಲ ತಗಡು ಒಂದು ಡೈನಲ್ಲಿ ಒತ್ತಿ ಬಂದದ್ದು, ಹೆಡ್‌ಲೈಟಿನ ಗಾಜಿನಂಥ ಪ್ಲಾಸ್ಟಿಕ್ ಒಂದು ಅಚ್ಚಿನಿಂದ ಬಂದದ್ದು. ಪೆಟ್ರೋಲ್ ಹೋಗಿ ಬ್ಯಾಟರಿ ಬಂದರೂ ಬಾಗಿಲು ಬೇಕೇ ಬೇಕು. ನಾಲ್ಕನೆಯ ಪ್ರಶ್ನೆಗೆ, ಅಂದರೆ ಬಾಳಿಕೆಗೆ, ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಾಣುವುದಿಲ್ಲ. ಶುಲ್ಕ ಸರ್ಕಾರಿ ಐಟಿಐಗಿಂತ ಹೆಚ್ಚು, ಇಡೀ ದಿನ ನಿಂತು ಮಾಡುವ ಕೆಲಸ, ಕಾಲು ನೋಯುತ್ತದೆ. ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ, ಲೆಕ್ಕದಲ್ಲಿ ತಾಳ್ಮೆ ಬೇಕು. ಒಂದೆಡೆ ಕೂತಲ್ಲಿ ಕೂರದ ಹುಡುಗನಿಗೆ ಇದು ಜೈಲು.

ಬಿ.ಇ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಸಿಇಟಿ ಬರೆದವರ ದಾರಿ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಗಾಡಿ ರಿಪೇರಿಯೇ ಇಷ್ಟವಿರುವ ಮಗುವಿಗೆ ಸಾಲ ಮಾಡಿ ಬಿ.ಇ. ಕೊಡಿಸುವುದು ಇಬ್ಬರಿಗೂ ನಷ್ಟ. ಸಂದರ್ಶನಕ್ಕೆ ಬಂದ ಎಂಜಿನಿಯರ್ ಒಬ್ಬನ ಕೈಗೆ ಸಣ್ಣ ಅಳತೆ ತೆಗೆಯುವ ವರ್ನಿಯರ್ ಮಾಪಕ ಕೊಟ್ಟು ಬ್ರೇಕ್ ಡಿಸ್ಕಿನ ದಪ್ಪ ಅಳೆಯಲು ಹೇಳಿದೆ. ಅವನು ಅದರ ಸೂತ್ರ ಹೇಳಿದ, ಅಳತೆ ಹೇಳಲಿಲ್ಲ. ಅವನ ತಪ್ಪಿಗಿಂತ ಅವನಿಗೆ ನಾಲ್ಕು ವರ್ಷ ಅದನ್ನು ಕೈಗೆ ಕೊಡದವರ ತಪ್ಪು ದೊಡ್ಡದು.

ವಿನ್ಯಾಸ, ಪರೀಕ್ಷೆ, ಸಾಫ್ಟ್‌ವೇರ್ ಕಡೆಗೆ ಹೋಗುವವರಿಗೆ ಮಾತ್ರ ಬಿ.ಇ. ಬೇಕೇ ಬೇಕು. ಬೆಂಗಳೂರಿನಲ್ಲಿ ಬಾಷ್, ಮರ್ಸಿಡಿಸ್-ಬೆಂಜ್ ಅವರ ಸಂಶೋಧನಾ ಕೇಂದ್ರಗಳಿವೆ, ಏಥರ್‌ನಂಥ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳಿವೆ. ಅಲ್ಲಿ ಎಂಜಿನ್ ಬಲ್ಲವರಿಗಿಂತ ಗಾಡಿಯ ಬಿಡಿಭಾಗಗಳ ಒಳಗೇ ಓಡುವ ಎಂಬೆಡೆಡ್ ಸಾಫ್ಟ್‌ವೇರ್, ಬ್ಯಾಟರಿ ನಿರ್ವಹಣೆ, ಮೋಟರ್ ನಿಯಂತ್ರಣ ಬಲ್ಲವರಿಗೆ ಬೇಡಿಕೆ. ಹಾಗಾಗಿ ಆಟೊಮೊಬೈಲ್ ಶಾಖೆಯ ಹೆಸರಿಗೆ ಮರುಳಾಗುವ ಮೊದಲು ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಶಾಖೆ ನೋಡಿ. ಕಂಪ್ಯೂಟರ್ ಸೈನ್ಸ್‌ಗೆ ಹೋದ ಮಕ್ಕಳೂ ಗಾಡಿ ಕ್ಷೇತ್ರಕ್ಕೆ ಕಳೆದುಹೋದವರೇನಲ್ಲ.

ಕಾಲೇಜು ಆರಿಸುವಾಗ ನಾನು ಮೊದಲು ಕೇಳುವುದು, ಅಲ್ಲಿ ವಿದ್ಯಾರ್ಥಿಗಳೇ ಗಾಡಿ ಕಟ್ಟುವ ತಂಡ ಇದೆಯೇ ಎಂದು. ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ಇಂಥವು. ವಿದ್ಯಾರ್ಥಿಗಳು ಕಟ್ಟಿದ ಗಾಡಿಗಳ ಬಾಹಾ ಸ್ಪರ್ಧೆಗೆ ತಂದ ಗಾಡಿ ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಹಿಡಿದು ನಿಲ್ಲಬೇಕು, ಇಲ್ಲದಿದ್ದರೆ ಮಣ್ಣಿನ ಹಾದಿಯ ನಾಲ್ಕು ಗಂಟೆಯ ಓಟಕ್ಕೆ ಬಿಡುವುದೇ ಇಲ್ಲ. ರಾತ್ರಿಯೆಲ್ಲ ಪೈಪು ವೆಲ್ಡ್ ಮಾಡಿ, ಪ್ರಾಯೋಜಕರ ಬಾಗಿಲು ತಟ್ಟಿ, ಖರ್ಚಿನ ವರದಿ ಬರೆದು ಬಂದ ಹುಡುಗಿಯ ಮುಂದೆ ಬರೀ ಅಂಕಪಟ್ಟಿ ಹಿಡಿದವನು ಸಂದರ್ಶನದಲ್ಲಿ ನಿಲ್ಲುವುದು ಕಷ್ಟ.

ಹೆಣ್ಣುಮಕ್ಕಳಿಗೆ ಡಿಪ್ಲೊಮಾ ಮತ್ತು ಬಿ.ಇ. ಎರಡಕ್ಕೂ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಅರ್ಜಿ ಹಾಕದೆ ಬಿಟ್ಟವರನ್ನು ಪ್ರತಿ ವರ್ಷ ನೋಡುತ್ತೇನೆ.

ಮೂರು ತಿಂಗಳ ಕೋರ್ಸುಗಳ ಬಗ್ಗೆ ಎರಡೇ ಮಾತು. ಗ್ಯಾರೇಜಿನಲ್ಲಿ ಆಗಲೇ ದುಡಿಯುತ್ತಿರುವವರು ಸ್ಕ್ಯಾನರ್ ಅಥವಾ ಎಲೆಕ್ಟ್ರಿಕ್ ಗಾಡಿಯ ಕೆಲಸ ಕಲಿಯಲು ಹೋದರೆ ದುಡ್ಡು ದಂಡವಾಗದು. ಏನೂ ಗೊತ್ತಿಲ್ಲದ ಹುಡುಗನನ್ನು ಮೂರು ತಿಂಗಳಲ್ಲಿ "ಇವಿ ತಜ್ಞ" ಮಾಡುತ್ತೇವೆ ಎನ್ನುವವರಿಂದ ದೂರವಿರಿ. ಬಹುಪಾಲು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ, ಅರೆಬರೆ ಕಲಿತವನಿಗೆ ಅದು ಎರಡನೇ ಅವಕಾಶ ಕೊಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಎರಡು ವರ್ಷದಲ್ಲಿ ಮನೆಗೆ ಸಂಬಳ ಬೇಕು, ಹುಡುಗನ ಕೈ ಚುರುಕು, ಊರು ಬಿಡುವ ಮನಸ್ಸಿಲ್ಲ ಎಂದರೆ ಮೇಲ್ದರ್ಜೆಗೇರಿದ ಸರ್ಕಾರಿ ಐಟಿಐ, ಆಮೇಲೆ ಒಂದು ವರ್ಷ ಅಪ್ರೆಂಟಿಸ್. ಖರ್ಚಿಗೆ ಕೈ ಪೂರ್ತಿ ಖಾಲಿ, ಮಗುವಿಗೆ ಶಿಸ್ತು ಒಗ್ಗುತ್ತದೆ, ಕಾರ್ಖಾನೆಯ ಕೆಲಸ ಆದೀತು ಎಂದರೆ ಕಂಪನಿ ಶಾಲೆಗೆ ಮೊದಲ ಅರ್ಜಿ, ಐಟಿಐಗೆ ಎರಡನೆಯದು. ಓದಿನಲ್ಲಿ ಪರವಾಗಿಲ್ಲ, ಮುಂದೇನಾಗುತ್ತದೋ ಗೊತ್ತಿಲ್ಲ ಎನ್ನುವ ಮನೆಗೆ ಡಿಪ್ಲೊಮಾ. ನಿಖರತೆಯ ಹುಚ್ಚು ಇರುವ, ತಾಳ್ಮೆಯ ಮಗುವಿಗೆ ಜಿಟಿಟಿಸಿ. ಗಣಿತ ಗಟ್ಟಿ, ಆರು ವರ್ಷ ಕಾಯುವ ಶಕ್ತಿ ಇದೆ, ಗಾಡಿಯ ಒಳಗಿನ ಬುದ್ಧಿಯ ಬಗ್ಗೆಯೇ ಕುತೂಹಲ ಎಂದರೆ ಬಿ.ಇ.

ಅರ್ಜಿ ಹಾಕುವ ಮೊದಲು ಒಂದು ಕೆಲಸದ ದಿನ ಸಂಸ್ಥೆಗೆ ಹೋಗಿ ಬನ್ನಿ. ಪ್ರಾಂಶುಪಾಲರ ಕೊಠಡಿಗಿಂತ ಮೊದಲು ವರ್ಕ್‌ಶಾಪ್ ನೋಡಿ. ಕೆಂಪು ನೀಲಿ ಬಣ್ಣ ಬಳಿದ, ಸೀಳಿಟ್ಟ ಎಂಜಿನ್ ಮೇಲೆ ಧೂಳು ಕೂತಿದ್ದರೆ ಅದು ಅತಿಥಿಗಳಿಗೆ ತೋರಿಸಲು ಇಟ್ಟದ್ದು. ನೆಲದ ಮೇಲೆ ಎಣ್ಣೆ ಕಲೆ ಇದೆಯೇ? ಬಿಎಸ್-6 ಗಾಡಿ ಒಂದಾದರೂ ಇದೆಯೇ, ಸ್ಕ್ಯಾನರ್ ಬೀರುವಿನಲ್ಲಿದೆಯೋ ಮಕ್ಕಳ ಕೈಯಲ್ಲಿದೆಯೋ? ಹಿರಿಯ ವಿದ್ಯಾರ್ಥಿಯೊಬ್ಬನನ್ನು ಪಕ್ಕಕ್ಕೆ ಕರೆದು, ಈ ವಾರ ನೀನು ಏನು ಬಿಚ್ಚಿದೆ ಎಂದು ಕೇಳಿ. ಅವನು ಯೋಚಿಸಲು ಶುರುಮಾಡಿದರೆ ನೀವು ಬಸ್ ಹತ್ತಬಹುದು.

ಇನ್ನು ಗೊಣಗುವ ಮಾಲೀಕರಿಗೆ ಕೊಟ್ಟ ಮಾತು. ಹುಡುಗರು ಸಿಗುವುದಿಲ್ಲ ಎನ್ನುವ ನಮ್ಮವರೇ ಅವರನ್ನು ಗುತ್ತಿಗೆದಾರನ ಹೆಸರಿನಲ್ಲಿ ತೆಗೆದುಕೊಂಡು, ಅಪ್ರೆಂಟಿಸ್ ಅವಧಿ ಮುಗಿದ ಕೂಡಲೇ ಮನೆಗೆ ಕಳಿಸಿ, ಮರುವಾರ ಹೊಸ ಅಪ್ರೆಂಟಿಸ್‌ಗಳನ್ನು ಕರೆಸಿಕೊಳ್ಳುವುದನ್ನು ಕಂಡಿದ್ದೇನೆ. ಅಣ್ಣನಿಗೆ ಹೀಗಾದದ್ದನ್ನು ನೋಡಿದ ತಮ್ಮ ಕಂಪ್ಯೂಟರ್ ಸೈನ್ಸ್ ಕೇಳಿದರೆ ಅವನನ್ನು ಬೈಯುವುದು ಹೇಗೆ? ಆದ್ದರಿಂದ, ಸಂಸ್ಥೆಯವರು "ನೂರಕ್ಕೆ ನೂರು ಉದ್ಯೋಗ" ಎಂದು ಫಲಕ ತೋರಿಸಿದಾಗ ಕಳೆದ ವರ್ಷದ ಹುಡುಗರ ನೇಮಕಾತಿ ಪತ್ರ ಒಂದನ್ನು ತೋರಿಸಲು ಹೇಳಿ. ಸಂಬಳದ ಅಂಕಿ ಆಮೇಲೆ ಓದಿ. ಮೊದಲು ಪತ್ರದ ತಲೆಯ ಮೇಲೆ ಕಂಪನಿಯ ಹೆಸರಿದೆಯೋ, ಮಾನವ ಸಂಪನ್ಮೂಲ ಪೂರೈಸುವ ಗುತ್ತಿಗೆದಾರನ ಹೆಸರಿದೆಯೋ ನೋಡಿ.